ದಾಕ್ಷಿಣ್ಯ ಬೇರೆ, ಒಗ್ಗಟ್ಟು ಬೇರೆ: ಹೊಸ ತಂಡವನ್ನು ಕಟ್ಟಿ ನಿಲ್ಲಿಸುವ ಬಗೆ

ಸ್ವಸಹಾಯ ಸಂಘ, ಊರಿನ ಹವ್ಯಾಸಿ ನಾಟಕ ತಂಡ, ಹಾಲು ಉತ್ಪಾದಕರ ಸಂಘದ ಆಡಳಿತ ಮಂಡಳಿ, ಶಿವಮೊಗ್ಗದ ಯಾವುದೋ ಕಚೇರಿಯಲ್ಲಿ ಹೊಸದಾಗಿ ಒಟ್ಟುಗೂಡಿದ ಆರೇಳು ಮಂದಿ ಸಿಬ್ಬಂದಿ, ಹೀಗೆ ಯಾವುದಾದರೊಂದು ತಂಡವನ್ನು ಕಟ್ಟುವ ಹೊಣೆ ಹೊತ್ತವರಿಗಾಗಿ ಈ ಬರಹ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ಹದಿನೈದು ವರ್ಷಗಳಿಂದ ಮಹಿಳಾ ಸಂಘಗಳ ಜೊತೆ ಓಡಾಡಿದ ನನಗೆ ಒಂದು ಸಂಗತಿ ಮನದಟ್ಟಾಗಿದೆ. ನಮ್ಮ ಕಡೆಯ ತಂಡಗಳನ್ನು ಜಗಳಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯವೇ ಒಡೆಯುತ್ತದೆ. ಹೇಳಬೇಕಾದ ಮಾತನ್ನು ಸಭೆಯಲ್ಲಿ ನುಂಗಿಕೊಂಡು, ದಣಪೆ (ಅಂಗಳದ ಬೇಲಿಯ ಗಳುಬಾಗಿಲು) ದಾಟಿದ ಮೇಲೆ ಇಬ್ಬರು ಮೂವರು ನಿಂತು ಆಡಿಕೊಳ್ಳುವ ಆ ಹೊತ್ತಿನಲ್ಲಿಯೇ ತಂಡ ಎರಡಾಗಿರುತ್ತದೆ. ನಡಾವಳಿ ಪುಸ್ತಕದಲ್ಲಿ ಅದು ಕಾಣಿಸಿಕೊಳ್ಳುವುದು ಎಷ್ಟೋ ತಿಂಗಳ ನಂತರ.

ಇದನ್ನು ನಾನು ಕಲಿತದ್ದು ಉಪ್ಪಿನಕಾಯಿಯ ಭರಣಿಯಿಂದ. 14 ಮಂದಿ ಹೆಂಗಸರ ಒಂದು ಸಂಘ ಅಪ್ಪೆಮಿಡಿಯ, ಅಂದರೆ ಮಲೆನಾಡಿನ ಎಳೆ ಮಾವಿನಕಾಯಿಯ, ಉಪ್ಪಿನಕಾಯಿ ಹಾಕಿ ಮಾರುವ ಕೆಲಸಕ್ಕೆ ಕೈಹಾಕಿತ್ತು ಮತ್ತು ಅವರನ್ನು ಒಟ್ಟು ಸೇರಿಸಿದವಳು ನಾನೇ. ಮಿಡಿಯನ್ನು ಮರವೇರಿ ತೊಟ್ಟು ಸಹಿತ ಕೊಯ್ದು ಬುಟ್ಟಿಯಲ್ಲಿ ಇಳಿಸಬೇಕು. ಕೋಲಿನಿಂದ ಬಡಿದು ಕೆಡವಿದರೆ ಪೆಟ್ಟು ಬಿದ್ದ ಜಾಗ ಕೊಳೆಯುತ್ತದೆ, ಒಂದು ಮಿಡಿ ಕೊಳೆತರೆ ಅದರ ಜೊತೆ ಉಪ್ಪಿನಲ್ಲಿ ಕುಳಿತವೆಲ್ಲ ಕೆಡುತ್ತವೆ. ಆ ವರ್ಷ ಬಂದ ಮಿಡಿಯಲ್ಲಿ ಒಂದು ಚೀಲದ್ದು ಬಡಿದು ಬೀಳಿಸಿದ್ದು ಎಂಬುದು ತೊಳೆಯಲು ಕುಳಿತವರಿಗೆ ಕೈಗೆ ಸಿಕ್ಕ ಕೂಡಲೇ ಗೊತ್ತಾಗಿತ್ತು, ಏಕೆಂದರೆ ಅರ್ಧಕ್ಕರ್ಧ ಮಿಡಿಗೆ ತೊಟ್ಟೇ ಇರಲಿಲ್ಲ. ಆದರೆ ಕೊಯ್ದು ತಂದವರು ಸಂಘದ ಸದಸ್ಯೆಯೊಬ್ಬರ ಯಜಮಾನರು. ತೊಳೆಯುತ್ತಿದ್ದವರಲ್ಲಿ ಒಬ್ಬಾಕೆ ಅವರಿಗೆ ನಾದಿನಿ, ಇನ್ನೊಬ್ಬಾಕೆ ಪಕ್ಕದ ಮನೆಯವರು. ಯಾರೂ ಬಾಯಿ ಬಿಡಲಿಲ್ಲ. ಮಿಡಿಯೆಲ್ಲ ಉಪ್ಪಿನಲ್ಲಿ ಚಿರುಟುವ ಹೊತ್ತಿಗೆ ಮೂರು ಭರಣಿಗಳಿಂದ ಹುಳಿವಾಸನೆ ಬರತೊಡಗಿತ್ತು. ನಷ್ಟದ ಲೆಕ್ಕ ನೋಡಲು ಕರೆದ ಸಭೆಯಲ್ಲಿ ಉಪ್ಪು ಸರಿಯಿರಲಿಲ್ಲವೆಂದು, ಭರಣಿ ಒಣಗಿರಲಿಲ್ಲವೆಂದು, ಹವೆ ಸರಿಯಿರಲಿಲ್ಲವೆಂದು ಮಾತು ಬಂತೇ ಹೊರತು ತೊಟ್ಟಿನ ಮಾತು ಬರಲಿಲ್ಲ. ಮುಂದಿನ ತಿಂಗಳು ಮೂವರು ಉಳಿತಾಯದ ಹಣ ವಾಪಸ್ ಕೇಳಿದರು. ಆ ಸಂಘ ಮುಂದೆ ಹೇಗೆ ಎದ್ದು ನಿಂತಿತು ಎಂಬುದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ, ಏಕೆಂದರೆ ಕೆಳಗಿನ ಸಲಹೆಗಳಲ್ಲಿ ಹೆಚ್ಚಿನವು ಅಲ್ಲಿ ಪಟ್ಟ ಪಾಡಿನಿಂದಲೇ ಬಂದವು.

ತಂಡ ಬೆಳೆಯುವ ಹಂತಗಳು

ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ ಅವರು ಸಣ್ಣ ಗುಂಪುಗಳ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಸುಮಾರು 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, 1965ರಲ್ಲಿ ತಂಡಗಳು ನಾಲ್ಕು ಹಂತಗಳಲ್ಲಿ ಬೆಳೆಯುತ್ತವೆ ಎಂದು ಬರೆದರು. ನಮ್ಮ ಮಾತಿನಲ್ಲಿ ಅವನ್ನು ಕೂಡುವುದು, ಜಗ್ಗಾಡುವುದು, ಕಟ್ಟಳೆಗೆ ಬರುವುದು, ದುಡಿಯುವುದು ಎನ್ನಬಹುದು. 1977ರಲ್ಲಿ ಮೇರಿ ಆ್ಯನ್ ಜೆನ್ಸನ್ ಅವರ ಜೊತೆ ಸೇರಿ ಐದನೆಯದಾಗಿ ಬೀಳ್ಕೊಳ್ಳುವ ಹಂತವನ್ನು ಸೇರಿಸಿದರು. ಟಕ್‌ಮನ್ ನೋಡಿದ ಅಧ್ಯಯನಗಳಲ್ಲಿ ಹೆಚ್ಚಿನವು ಚಿಕಿತ್ಸೆಗಾಗಿ ಮತ್ತು ತರಬೇತಿಗಾಗಿ ಸೇರಿಸಿದ ಗುಂಪುಗಳವು ಎಂಬುದನ್ನು ನೆನಪಿಟ್ಟುಕೊಂಡರೆ, ಪ್ರತಿಯೊಂದು ತಂಡವೂ ಈ ಮೆಟ್ಟಿಲುಗಳನ್ನು ಇದೇ ಕ್ರಮದಲ್ಲಿ ಹತ್ತಲೇಬೇಕೆಂದು ಹಟ ಹಿಡಿಯುವ ತಪ್ಪು ಆಗುವುದಿಲ್ಲ. ಆದರೂ ತಂಡ ಕಟ್ಟುವವರಿಗೆ ಈ ಕ್ರಮದಿಂದ ಒಂದು ದೊಡ್ಡ ಉಪಕಾರವಿದೆ: ಎರಡನೆಯ ಹಂತದ ಜಗ್ಗಾಟ ಬಂದಾಗ ತಂಡವೇ ಮುಳುಗಿತೆಂದು ಗಾಬರಿಯಾಗದೆ, ಅದು ಬರಬೇಕಾದ ಹೊತ್ತಿಗೆ ಬಂದಿದೆ ಎಂದು ನಿಭಾಯಿಸುವ ಧೈರ್ಯ ಬರುತ್ತದೆ.

ಒಗ್ಗಟ್ಟು ಎಂದರೇನು ಎಂಬುದಕ್ಕೂ ಒಂದು ನೇರವಾದ ವಿವರಣೆಯಿದೆ. ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಗರ್ ಮತ್ತು ಸಂಗಡಿಗರು 1950ರಲ್ಲಿ ಹೇಳಿದ ಪ್ರಕಾರ, ಸದಸ್ಯರನ್ನು ಗುಂಪಿನಲ್ಲಿ ಉಳಿಯುವಂತೆ ಮಾಡುವ ಎಲ್ಲ ಸೆಳೆತಗಳ ಒಟ್ಟು ಮೊತ್ತವೇ ಒಗ್ಗಟ್ಟು. ಈ ಸೆಳೆತಗಳಲ್ಲಿ ಒಬ್ಬರನ್ನೊಬ್ಬರು ಇಷ್ಟಪಡುವುದು ಒಂದು, ಮಾಡುವ ಕೆಲಸದ ಮೇಲಿನ ನಿಷ್ಠೆ ಇನ್ನೊಂದು, ಈ ತಂಡದವರು ನಾವು ಎಂಬ ಹೆಮ್ಮೆ ಮತ್ತೊಂದು. ಬ್ರಯನ್ ಮಲ್ಲನ್ ಮತ್ತು ಕ್ಯಾರೊಲಿನ್ ಕಾಪರ್ 1994ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕ್ರೋಡೀಕರಿಸಿದಾಗ, ತಂಡದ ಸಾಧನೆಗೆ ಇವುಗಳಲ್ಲಿ ಕೆಲಸದ ಮೇಲಿನ ನಿಷ್ಠೆಯೇ ಮುಖ್ಯವೆಂದು ಕಂಡುಬಂತು. ಅದಕ್ಕಿಂತ ಮುಖ್ಯವಾಗಿ, ಒಗ್ಗಟ್ಟು ಸಾಧನೆಯನ್ನು ತರುವುದಕ್ಕಿಂತ ಸಾಧನೆ ಒಗ್ಗಟ್ಟನ್ನು ತರುವುದು ಹೆಚ್ಚು ಬಲವಾಗಿತ್ತು. ಮೊದಲು ಎಲ್ಲರೂ ಹೊಂದಿಕೊಳ್ಳಲಿ, ಕೆಲಸ ಆಮೇಲೆ ನೋಡೋಣ ಎಂದು ಕಾಯುವವರು ಈ ಮಾತನ್ನು ಎರಡು ಸಲ ಓದಬೇಕು.

ಎಷ್ಟು ಮಂದಿ ಇರಬೇಕು

ಸ್ವಸಹಾಯ ಸಂಘಗಳಲ್ಲಿ 10ರಿಂದ 20 ಮಂದಿ ಇರುವುದು ವಾಡಿಕೆ. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿದಂದಿನಿಂದ ಈ ವಾಡಿಕೆ ಬೇರೂರಿದೆ. ಉಳಿತಾಯಕ್ಕೆ, ಸಾಲಕ್ಕೆ ಅದು ಸರಿಯಾದ ಗಾತ್ರ. ಆದರೆ ಕೈಯಿಂದ ಮಾಡುವ ಕೆಲಸಕ್ಕೆ ಹತ್ತರ ಒಳಗಿನ ತಂಡವೇ ಒಳ್ಳೆಯದು. ಲೆಕ್ಕ ಹಾಕಿ ನೋಡಿ: ಐದು ಮಂದಿಯ ನಡುವೆ ಇರುವ ಜೋಡಿ ಸಂಬಂಧಗಳು 10, ಹತ್ತು ಮಂದಿಯ ನಡುವೆ 45, ಇಪ್ಪತ್ತು ಮಂದಿಯ ನಡುವೆ 190. ನಮ್ಮ ಉಪ್ಪಿನಕಾಯಿ ಸಂಘದಲ್ಲಿ 14 ಮಂದಿಯ ನಡುವೆ 91 ಎಳೆಗಳಿದ್ದವು, ಅವುಗಳಲ್ಲಿ ಯಾವುದು ಸಡಿಲಾದರೂ ಇಡೀ ಹಗ್ಗಕ್ಕೆ ತಿಳಿಯುತ್ತಿತ್ತು. ಆದ್ದರಿಂದ ಸಂಘ ದೊಡ್ಡದಿದ್ದರೆ ಕೆಲಸಕ್ಕೆ ಮಾತ್ರ ಅದನ್ನು ನಾಲ್ಕೈದು ಮಂದಿಯ ಪಾಳಿಗಳಾಗಿ ಒಡೆಯಿರಿ. ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಬಯಲುಸೀಮೆಯ ಹಾಗೆ ನಮ್ಮಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿಲ್ಲ; ತೋಟದಾಚೆ ಒಂದು, ಗುಡ್ಡದ ನೆತ್ತಿಯಲ್ಲಿ ಒಂದು ಮನೆ ಇರುವಲ್ಲಿ, ಆಷಾಢದ ಮಳೆಯಲ್ಲಿ ಹಳ್ಳ ತುಂಬಿದ ದಿನ ಎಲ್ಲರೂ ಸೇರುವುದು ಆಗದ ಮಾತು. ಹತ್ತಿರದ ಮನೆಗಳ ಒಂದು ಪಾಳಿ ಇದ್ದರೆ ಮಳೆಗಾಲದಲ್ಲೂ ಕೆಲಸ ನಿಲ್ಲುವುದಿಲ್ಲ.

ಮೊದಲ ತಿಂಗಳು: ಒಂದೇ ದಿನದಲ್ಲಿ ಮುಗಿಯುವ ಕೆಲಸ

ಕೂಡುವ ಹಂತದಲ್ಲಿ ಎಲ್ಲರೂ ಸಭ್ಯರಾಗಿಯೇ ಇರುತ್ತಾರೆ. ಅಧ್ಯಕ್ಷೆ ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ, ಕಾಫಿ ಕುಡಿಯುತ್ತಾರೆ, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಈ ಸಭ್ಯತೆಯನ್ನು ಒಗ್ಗಟ್ಟೆಂದು ತಿಳಿದು ನಾನು ಮೋಸ ಹೋಗಿದ್ದೇನೆ. ಪ್ರವಾಸಕ್ಕೆ ಕರೆದುಕೊಂಡು ಹೋಗುವುದರಿಂದ, ಒಟ್ಟಿಗೆ ಊಟ ಹಾಕಿಸುವುದರಿಂದ ತಂಡ ಕೂಡಿಕೊಳ್ಳುತ್ತದೆ ಎಂಬ ನಂಬಿಕೆಯೂ ಹೆಚ್ಚು ದೂರ ಒಯ್ಯುವುದಿಲ್ಲ. 1954ರಲ್ಲಿ ಮುಜಾಫರ್ ಶರೀಫ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಓಕ್ಲಹೋಮಾ ರಾಜ್ಯದ ಕಾಡಿನ ಶಿಬಿರವೊಂದಕ್ಕೆ 22 ಹುಡುಗರನ್ನು ಕರೆದೊಯ್ದು ಎರಡು ಗುಂಪು ಮಾಡಿ, ಹಗ್ಗಜಗ್ಗಾಟ ಮೊದಲಾದ ಪಂದ್ಯಗಳಲ್ಲಿ ಎದುರುಬದುರು ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಡುವಷ್ಟು ಹಗೆ ಬೆಳೆಯಿತು. ಆಮೇಲೆ ಎರಡೂ ಗುಂಪುಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದಾಗ, ಸಿನಿಮಾ ತೋರಿಸಿದಾಗ ಹಗೆ ಇಳಿಯಲಿಲ್ಲ. ಊಟದ ಮನೆಯಲ್ಲಿ ಹುಡುಗರು ತಿಂಡಿಯನ್ನೇ ಒಬ್ಬರ ಮೇಲೊಬ್ಬರು ಎಸೆದರು. ಅದು ಇಳಿದದ್ದು ಶಿಬಿರದ ನೀರಿನ ವ್ಯವಸ್ಥೆ ಕೆಟ್ಟು ಎಲ್ಲರೂ ಸೇರಿ ಹುಡುಕಿ ಸರಿಪಡಿಸಬೇಕಾದಾಗ, ಊಟ ತರಬೇಕಾದ ಲಾರಿ ಚಾಲೂ ಆಗದೆ ಎಲ್ಲರೂ ಸೇರಿ ಎಳೆಯಬೇಕಾದಾಗ. ಲಾರಿ ಎಳೆಯಲು ಅವರು ಬಳಸಿದ್ದು, ಮೊದಲು ಎದುರುಬದುರು ನಿಂತು ಜಗ್ಗಾಡಿದ ಅದೇ ಹಗ್ಗವನ್ನು.

ಆದುದರಿಂದ ಮೊದಲ ತಿಂಗಳಲ್ಲಿಯೇ ತಂಡಕ್ಕೆ ಒಂದು ಕೆಲಸ ಕೊಡಿ. ಅದು ಬೆಳಿಗ್ಗೆ ಶುರುವಾಗಿ ಸಂಜೆ ಹಾಲು ಕರೆಯುವ ಹೊತ್ತಿಗೆ ಮುಗಿಯುವಂತಿರಬೇಕು, ಒಬ್ಬರಿಂದ ಆಗದಂತಿರಬೇಕು ಮತ್ತು ಆದದ್ದು ಕಣ್ಣಿಗೆ ಕಾಣುವಂತಿರಬೇಕು. ಶಾಲೆಯ ಹೆಂಚು ಕೈಯಾಡಿಸುವುದು, ಕೆರೆಯ ತೂಬಿನ ಕಸ ತೆಗೆಯುವುದು, ಕಚೇರಿಯಾದರೆ ವರ್ಷಗಳಿಂದ ರಾಶಿ ಬಿದ್ದ ಕಡತಗಳನ್ನು ವಿಂಗಡಿಸಿ ಹೆಸರಿನ ಚೀಟಿ ಅಂಟಿಸುವುದು, ಇಂಥದ್ದು ಸಾಕು. ಅಡಿಕೆ ಕೊನೆಕೊಯ್ಲನ್ನು, ಅಂದರೆ ಅಡಿಕೆ ಗೊನೆ ಇಳಿಸುವುದನ್ನು, ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರದ ತುದಿಯಲ್ಲಿ ಕೊನೆಯನ್ನು ಕೊಯ್ದು ಹಗ್ಗದ ಮೇಲೆ ಜಾರಿಬಿಡುವವನಿಗೂ, ಕೆಳಗೆ ಆ ಹಗ್ಗವನ್ನು ಬಿಗಿಯಾಗಿ ಹಿಡಿದು ಕೊನೆಯನ್ನು ನೆಲಕ್ಕೆ ಬಡಿಯದಂತೆ ಹಿಡಿದುಕೊಳ್ಳುವವನಿಗೂ ಮಾತುಕತೆಯೇ ಇಲ್ಲದ ದಿನಗಳಿರಬಹುದು, ಆದರೆ ಹಗ್ಗ ಸಡಿಲಬಿಟ್ಟರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ಹಾಗೆ ಒಬ್ಬರ ಕೈ ಇನ್ನೊಬ್ಬರ ಕೈಗೆ ಅಗತ್ಯವಾಗುವ ಕೆಲಸವನ್ನೇ ಆರಿಸಿ. ಎಲ್ಲರಿಗೂ ಒಂದೊಂದು ತುಂಡು ಹಂಚಿ ಅವರವರ ಮನೆಗೆ ಕಳಿಸುವ ಕೆಲಸದಿಂದ ತಂಡ ಬೆಳೆಯುವುದಿಲ್ಲ.

ನಮ್ಮ ಹಿರಿಯರ ಮುಯ್ಯಾಳಿನ ಪದ್ಧತಿಯೂ ಇದೇ ತಳಹದಿಯ ಮೇಲೆ ನಿಂತಿತ್ತು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎನ್ನುವ ಆ ಲೆಕ್ಕ ಬಾಯಿಮಾತಿನಲ್ಲಿದ್ದರೂ ಬಹಳ ಕಟ್ಟುನಿಟ್ಟಾಗಿತ್ತು. ಎಷ್ಟು ಆಳು ಬಂದರೋ ಅಷ್ಟೇ ಆಳು ತಿರುಗಿ ಹೋಗಬೇಕಿತ್ತು. ಪ್ರೀತಿಯಿಂದ ನಡೆದ ಪದ್ಧತಿ ಅದು ಎಂದು ಈಗ ಹೇಳುವವರಿದ್ದಾರೆ. ನನ್ನ ಅಜ್ಜಿಯ ಬಾಯಲ್ಲಿ ಕೇಳಿದಂತೆ, ಲೆಕ್ಕ ತಪ್ಪದೆ ನಡೆದುಕೊಂಡದ್ದರಿಂದಲೇ ಅಲ್ಲಿ ಪ್ರೀತಿ ಉಳಿದದ್ದು.

ಜಗ್ಗಾಟದ ಹಂತ

ಈ ಹಂತಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ತಂಡಗಳು ಸಾಯುವುದೂ ಇಲ್ಲಿಯೇ, ಗಟ್ಟಿಯಾಗುವುದೂ ಇಲ್ಲಿಯೇ. ಒಂದೆರಡು ಕೆಲಸ ಮುಗಿದ ಮೇಲೆ ಯಾರು ಹೆಚ್ಚು ದುಡಿದರು, ಯಾರ ಮಾತು ನಡೆಯಿತು, ಬ್ಯಾಂಕಿಗೆ ಹೋಗುವ ನೆಪದಲ್ಲಿ ಯಾರು ಸಾಗರ ಪೇಟೆ ಸುತ್ತಿ ಬಂದರು ಎಂಬ ಪ್ರಶ್ನೆಗಳು ಏಳುತ್ತವೆ. ಬೇರೆ ಕಡೆಗಳಲ್ಲಿ ಇವು ಸಭೆಯಲ್ಲಿಯೇ ಸ್ಫೋಟಿಸಬಹುದು. ನಮ್ಮಲ್ಲಿ ಹಾಗಾಗುವುದಿಲ್ಲ. ಸದಸ್ಯರು ಒಬ್ಬರಿಗೊಬ್ಬರು ಅತ್ತಿಗೆ, ಚಿಕ್ಕಮ್ಮ, ಭಾವ, ಒಡೆಯರ ಮನೆಯವರು, ಗೇಣಿಗೆ ಮಾಡಿದವರ ಮನೆಯವರು ಆಗಿರುವಾಗ ಎದುರಾಡುವ ಒಂದು ಮಾತಿನ ಬೆಲೆ ಸಭೆಗೆ ಮುಗಿಯದೆ ಮದುವೆ ಮನೆಯ ಪಂಕ್ತಿಯವರೆಗೆ ಹೋಗುತ್ತದೆ. ಆದ್ದರಿಂದ ಮಾತಾಡಿ, ಧೈರ್ಯವಾಗಿ ಹೇಳಿ ಎಂದು ಸದಸ್ಯರನ್ನು ಹುರಿದುಂಬಿಸುವುದರಿಂದ ಏನೂ ಆಗುವುದಿಲ್ಲ. ಹೇಳಿದವರಿಗೆ ನಷ್ಟವಾಗದಂಥ ಕ್ರಮವೊಂದನ್ನು ನೀವು ಮುಂಚೆಯೇ ಕಟ್ಟಿಕೊಟ್ಟಿರಬೇಕು.

ಏಮಿ ಎಡ್ಮಂಡ್‌ಸನ್ ಎಂಬ ವಿದ್ವಾಂಸೆ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆಂದು ಅವರು ಎಣಿಸಿದ್ದರೆ, ದಾಖಲೆಗಳು ತದ್ವಿರುದ್ಧವಾಗಿದ್ದವು: ಒಳ್ಳೆಯ ಮುಂದಾಳುಗಳಿದ್ದ ತಂಡಗಳಲ್ಲಿಯೇ ತಪ್ಪುಗಳ ಸಂಖ್ಯೆ ಹೆಚ್ಚಾಗಿತ್ತು. ಬಗೆದು ನೋಡಿದಾಗ ತಿಳಿದುಬಂದದ್ದೇನೆಂದರೆ, ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು, ಉಳಿದೆಡೆ ಅದು ಮುಚ್ಚಿಹೋಗುತ್ತಿತ್ತು. 1999ರಲ್ಲಿ ಕಾರ್ಖಾನೆಯೊಂದರ 51 ತಂಡಗಳನ್ನು ಅಧ್ಯಯನ ಮಾಡಿ, ಮಾತಾಡಿದರೆ ಯಾರೂ ಹೀಯಾಳಿಸುವುದಿಲ್ಲ ಎಂಬ ಭರವಸೆ ಇರುವ ತಂಡಗಳೇ ಕಲಿಯುತ್ತವೆ ಎಂದು ಅವರು ತೋರಿಸಿದರು. ನಮ್ಮ ಮೂರು ಭರಣಿಗಳ ಕತೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ನನ್ನಿಂದ ಸಾಧ್ಯವಿಲ್ಲ.

ಆ ಭರವಸೆಯನ್ನು ಬೆಳೆಸಲು ನಾವು ಮಾಡಿಕೊಂಡ ಕ್ರಮ ಹೀಗಿದೆ. ಸಭೆಯಲ್ಲಿ ವೃತ್ತಾಕಾರವಾಗಿ ಕೂರುತ್ತೇವೆ, ಕುರ್ಚಿ ಇದ್ದರೆ ಎಲ್ಲರಿಗೂ ಇರಬೇಕು, ಇಲ್ಲದಿದ್ದರೆ ಎಲ್ಲರೂ ಚಾಪೆಯ ಮೇಲೆ. ಯಾವುದೇ ವಿಷಯದ ಮೇಲೆ ವಯಸ್ಸಿನಲ್ಲಿ ಕಿರಿಯರಾದವರು ಮೊದಲು ಮಾತಾಡುತ್ತಾರೆ, ಹಿರಿಯರು ಕೊನೆಗೆ, ಅಧ್ಯಕ್ಷೆ ಎಲ್ಲರಿಗಿಂತ ಕೊನೆಗೆ. ಏಕೆಂದರೆ ದೊಡ್ಡವರು ಒಂದು ಮಾತು ಹೇಳಿದ ಮೇಲೆ ಸೊಸೆಯಂದಿರು ಬೇರೆ ಮಾತು ಹೇಳುವುದು ನಮ್ಮಲ್ಲಿ ನಡೆಯುವುದಿಲ್ಲ. ತನ್ನ ಸರದಿ ಬಂದಾಗ ಏನೂ ಹೇಳುವುದಿಲ್ಲ ಎನ್ನುವ ಅವಕಾಶವಿಲ್ಲ, ಒಂದು ವಾಕ್ಯವನ್ನಾದರೂ ಹೇಳಬೇಕು. ಎಲ್ಲರೂ ಹೇಳಲೇಬೇಕೆಂಬ ಕಟ್ಟಳೆಯಾದಾಗ ಯಾರ ಮೇಲೂ ಬೇಕೆಂದು ಹೇಳಿದಳು ಎಂಬ ಆಪಾದನೆ ಬರುವುದಿಲ್ಲ. ಎರಡನೆಯದಾಗಿ, ಪ್ರತಿ ಸಭೆಯಲ್ಲೂ ಈ ಸಲ ಕೆಟ್ಟದ್ದೇನು ಎಂಬ ವಿಷಯ ಇರಲೇಬೇಕು ಮತ್ತು ಈ ಒಂದು ವಿಷಯಕ್ಕೆ ಮಾತ್ರ ಮೊದಲ ಉತ್ತರವನ್ನು ತಂಡದ ಮುಖ್ಯಸ್ಥರೇ ತಮ್ಮದೇ ತಪ್ಪನ್ನು ಹೇಳಿ ಕೊಡಬೇಕು. ನಷ್ಟವಾದ ನಂತರದ ಎರಡನೆಯ ಸಭೆಯಲ್ಲಿ ನಾನು, ಮಿಡಿ ಬಂದ ದಿನ ನಾನೂ ಅಲ್ಲಿದ್ದೆ, ತೊಟ್ಟಿಲ್ಲದ ಮಿಡಿಗಳನ್ನು ನೋಡಿದೆ, ಸುಮ್ಮನಿದ್ದೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಂತರ ಆ ಯಜಮಾನರ ಹೆಂಡತಿಯೇ, ‘ಮರ ಎತ್ತರ ಇತ್ತು ಅಕ್ಕ, ಅವರಿಗೆ ಸೊಂಟನೋವು, ಬೇರೆಯವರನ್ನು ಕರೆಯಲು ಕೂಲಿಗೆ ದುಡ್ಡಿರಲಿಲ್ಲ’ ಎಂದರು. ಆರು ತಿಂಗಳು ಯಾರ ಬಾಯಿಂದಲೂ ಬರದಿದ್ದ ಕಾರಣ ಒಂದೇ ವಾಕ್ಯದಲ್ಲಿ ಹೊರಬಿತ್ತು, ಮತ್ತು ಅದಕ್ಕೆ ಪರಿಹಾರವೂ ಅದೇ ಸಭೆಯಲ್ಲಿ ಸಿಕ್ಕಿತು: ಮರವೇರುವವರ ಕೂಲಿಯನ್ನು ಸಂಘವೇ ಕೊಡುವುದು.

ಜಗ್ಗಾಟ ವ್ಯಕ್ತಿಗಳ ಮೇಲೆ ತಿರುಗಿದಾಗ ಅದನ್ನು ಕೆಲಸದ ಮೇಲೆ ತಿರುಗಿಸುವುದು ಮುಖ್ಯಸ್ಥರ ಹೊಣೆ. ನೀನು ಯಾವಾಗಲೂ ಹೀಗೇ ಎನ್ನುವ ಮಾತು ಬಂದರೆ, ಯಾವ ದಿನ, ಯಾವ ಕೆಲಸ, ಎಷ್ಟು ಎಂದು ಕೇಳಿ. ವಿವರ ಕೇಳಿದಾಗ ಸಿಟ್ಟು ಅರ್ಧ ಇಳಿಯುತ್ತದೆ. ಇಳಿಯದಿದ್ದರೆ ಅಂದು ನಿರ್ಣಯ ಮಾಡಬೇಡಿ. ಆದರೆ ಮುಂದಿನ ಸಭೆಯ ಮೊದಲ ವಿಷಯವಾಗಿ ಅದನ್ನೇ ಬರೆದಿಡಿ. ಹೋಗಲಿ ಬಿಡಿ ಎಂಬ ಮಾತಿನಿಂದ ಯಾವ ಸಭೆಯನ್ನೂ ಮುಗಿಸಬಾರದು.

ಕಟ್ಟಳೆ ಮತ್ತು ಲೆಕ್ಕ

ಜಗ್ಗಾಟದಲ್ಲಿ ತೀರ್ಮಾನವಾದದ್ದನ್ನು ಬರೆದಿಟ್ಟರೆ ಅದು ಕಟ್ಟಳೆಯಾಗುತ್ತದೆ. ಮೊದಲ ದಿನವೇ ಎಲ್ಲಿಂದಲೋ ನಕಲು ತಂದ ಇಪ್ಪತ್ತು ನಿಯಮಗಳಿಗೆ ಸಹಿ ಹಾಕಿಸುವುದು ವ್ಯರ್ಥ, ಯಾರೂ ಅವನ್ನು ತಮ್ಮದೆಂದು ತಿಳಿಯುವುದಿಲ್ಲ. ಸ್ವಸಹಾಯ ಸಂಘಗಳ ಪಂಚಸೂತ್ರಗಳಾದ ಕ್ರಮಬದ್ಧ ಸಭೆ, ಕ್ರಮಬದ್ಧ ಉಳಿತಾಯ, ಒಳಸಾಲ, ಮರುಪಾವತಿ ಮತ್ತು ಲೆಕ್ಕಪತ್ರಗಳು ಎಲ್ಲ ತಂಡಗಳಿಗೂ ಒಂದು ಪಾಠ ಹೇಳುತ್ತವೆ: ಐದರಲ್ಲಿ ಒಂದೂ ಮನಸ್ಸಿನ ಬಗ್ಗೆ ಇಲ್ಲ, ಎಲ್ಲವೂ ನಡೆಯ ಬಗ್ಗೆಯೇ ಇವೆ.

ಇವುಗಳಲ್ಲಿ ಲೆಕ್ಕ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು, 1913ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎಂಟು ಮಂದಿ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿಗೆ ಬಂದ ಬಲ, ಒಬ್ಬರೇ ಎಳೆಯುವಾಗಿನ ಬಲದ ಸುಮಾರು ಅರ್ಧ ಮಾತ್ರ. ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯಲಾಗದಿರುವುದು ಇದಕ್ಕೆ ಒಂದು ಕಾರಣ. ನಾನೊಬ್ಬ ಸಡಿಲ ಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂಬುದು ಇನ್ನೊಂದು. 1979ರಲ್ಲಿ ಬಿಬ್ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ ಹೊಡೆಯುವುದರಲ್ಲಿ, ಕೂಗುವುದರಲ್ಲಿಯೂ ಇದೇ ಆಗುತ್ತದೆಂದು ತೋರಿಸಿದರು, ಮತ್ತು ಒಬ್ಬೊಬ್ಬರ ಪಾಲು ಎಷ್ಟೆಂದು ಗುರುತಿಸಬಹುದೆಂದು ತಿಳಿಸಿದಾಗ ಆ ಸಡಿಲತೆ ಹೋಗುತ್ತದೆಂಬುದೂ ಅವರ ಮುಂದಿನ ಪ್ರಯೋಗದಲ್ಲಿ ಕಂಡುಬಂತು.

ಅಡಿಕೆ ಸುಲಿಯುವ ಅಂಗಳಕ್ಕೆ ಒಂದು ರಾತ್ರಿ ಹೋಗಿ ನೋಡಿ. ಹದಿನೈದು ಇಪ್ಪತ್ತು ಮಂದಿ ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕುಳಿತಿರುತ್ತಾರೆ. ಎಲ್ಲರ ನಡುವೆ ರಾಶಿ ಒಂದೇ, ಬೆಳಕು ಒಂದೇ, ನಗೆ ಮಾತುಗಳೂ ಎಲ್ಲರಿಗೂ ಸೇರಿದ್ದು. ಆದರೆ ಸುಲಿದ ಅಡಿಕೆ ಬೀಳುವ ಬುಟ್ಟಿ ಅವರವರದ್ದು, ಕೊನೆಗೆ ಡಬ್ಬದಲ್ಲಿ ಅಳೆದು ಹೆಸರಿನ ಮುಂದೆ ಬರೆಯುವುದೂ ಅವರವರ ಲೆಕ್ಕ. ಅಳೆಯುವಾಗ ಎಲ್ಲರ ಕಣ್ಣೂ ಡಬ್ಬದ ಅಂಚಿನ ಮೇಲಿರುತ್ತದೆ. ಆ ಅಳತೆಯಿಂದ ಅಲ್ಲಿನ ಸ್ನೇಹಕ್ಕೆ ಎಂದೂ ಕುಂದು ಬಂದದ್ದನ್ನು ನಾನು ನೋಡಿಲ್ಲ. ಅಳತೆ ಮಸುಕಾದ ಕಡೆ ಕುಂದು ಬಂದದ್ದನ್ನು ನೋಡಿದ್ದೇನೆ. ಶಿವಮೊಗ್ಗದಲ್ಲಿ 1939ರಲ್ಲಿ ಹುಟ್ಟಿದ ಮ್ಯಾಮ್ಕೋಸ್‌ನಂಥ ಅಡಿಕೆ ಮಾರಾಟ ಸಹಕಾರ ಸಂಘಗಳು ಇಷ್ಟು ಕಾಲ ಬಾಳಿರುವುದಕ್ಕೆ, ಬೆಳೆಗಾರನ ಮಾಲಿನ ತೂಕವೂ ಧಾರಣೆಯೂ ಅವನ ಹೆಸರಿನಲ್ಲಿಯೇ ದಾಖಲಾಗುವುದು ಒಂದು ದೊಡ್ಡ ಕಾರಣವೆಂದು ನಾನು ತಿಳಿಯುತ್ತೇನೆ.

ನಮ್ಮ ಉಪ್ಪಿನಕಾಯಿ ಸಂಘ ಮಾಡಿದ್ದು ಇದನ್ನೇ. ಪ್ರತಿ ಭರಣಿಯ ಕೊರಳಿಗೆ ಒಂದು ಚೀಟಿ ಕಟ್ಟಿತು. ಮಿಡಿ ಕೊಯ್ದವರು, ತೊಳೆದು ಒರೆಸಿದವರು, ಉಪ್ಪು ಹಾಕಿದವರು, ಅಂದಿನ ತಾರೀಖು, ಇಷ್ಟೇ ಅದರಲ್ಲಿ. ಮೊದಮೊದಲು ಇದು ನಂಬಿಕೆಯಿಲ್ಲದವರ ಕೆಲಸವೆಂದು ಇಬ್ಬರು ಬೇಸರಿಸಿಕೊಂಡರು. ಆದರೆ ಮರುವರ್ಷ ಸಾಗರದ ಅಂಗಡಿಯವರೊಬ್ಬರು ಒಂದು ಭರಣಿಯ ರುಚಿಯನ್ನು ಹೊಗಳಿ ಇದೇ ಬೇಕೆಂದಾಗ, ಚೀಟಿಯಲ್ಲಿದ್ದ ನಾಲ್ಕು ಹೆಸರುಗಳನ್ನು ಸಭೆಯಲ್ಲಿ ಓದಿದೆವು. ಆ ನಾಲ್ವರಲ್ಲಿ ಬೇಸರಿಸಿಕೊಂಡಿದ್ದವರೂ ಒಬ್ಬರಾಗಿದ್ದರು. ಲೆಕ್ಕ ತಪ್ಪನ್ನು ಹಿಡಿಯುವುದಕ್ಕೆ ಮಾತ್ರ ಬಳಕೆಯಾದರೆ ಜನ ಅದನ್ನು ದ್ವೇಷಿಸುತ್ತಾರೆ. ಒಳ್ಳೆಯದನ್ನು ಹೆಸರು ಹಿಡಿದು ಹೇಳುವುದಕ್ಕೂ ಅದೇ ಪುಸ್ತಕವನ್ನು ತೆರೆಯಬೇಕು.

ಅವಧಿಯ ನಡುಮಧ್ಯ

ತಂಡದ ಕೆಲಸಕ್ಕೆ ಗಡುವು ಇದ್ದರೆ ಅದರ ಅರ್ಧ ಅವಧಿಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಕಾನಿ ಗರ್ಸಿಕ್ ಎಂಬುವರು ಒಂದು ವಾರದಿಂದ ಆರು ತಿಂಗಳವರೆಗಿನ ಗಡುವುಗಳಿದ್ದ ಎಂಟು ತಂಡಗಳನ್ನು ಆರಂಭದಿಂದ ಕೊನೆಯವರೆಗೆ ಹಿಂಬಾಲಿಸಿ 1988ರಲ್ಲಿ ಬರೆದಂತೆ, ಪ್ರತಿಯೊಂದು ತಂಡವೂ ಮೊದಲ ಸಭೆಯಲ್ಲಿ ಹಿಡಿದ ದಾರಿಯನ್ನೇ ಅರ್ಧ ಅವಧಿಯವರೆಗೆ ಬಿಡದೆ ಹಿಡಿದು, ಸರಿಯಾಗಿ ನಡುಮಧ್ಯದಲ್ಲಿ ಎಚ್ಚೆತ್ತು ದಾರಿ ಬದಲಿಸಿತು. ಅಂದರೆ ನಡುವಿನ ಆ ದಿನಗಳಲ್ಲಿ ತಂಡ ಬದಲಾವಣೆಗೆ ಸಿದ್ಧವಾಗಿರುತ್ತದೆ. ಅದಕ್ಕೂ ಮುಂಚೆ ಹೇಳಿದ ದೊಡ್ಡ ಸಲಹೆ ಹೆಚ್ಚಾಗಿ ಬಂಡೆಯ ಮೇಲೆ ಸುರಿದ ನೀರು. ದೀಪಾವಳಿಗೆ ಆಡಬೇಕಾದ ನಾಟಕದ ತಾಲೀಮು ಶ್ರಾವಣದಲ್ಲಿ ಆರಂಭವಾಗಿದ್ದರೆ ನವರಾತ್ರಿಗೆ ಮೊದಲಿನ ಒಂದು ದಿನ ತಾಲೀಮು ನಿಲ್ಲಿಸಿ, ಏನು ಬಿಡಬೇಕು, ಏನು ಹೊಸದಾಗಿ ಹಿಡಿಯಬೇಕು ಎಂದು ಕುಳಿತು ಮಾತಾಡಿ.

ಒಗ್ಗಟ್ಟು ದಾರಿ ತಪ್ಪುವ ಬಗೆ

ಒಗ್ಗಟ್ಟಾದ ತಂಡ ಚೆನ್ನಾಗಿ ದುಡಿಯುತ್ತದೆ ಎನ್ನುವುದು ಎಲ್ಲ ಸಲವೂ ನಿಜವಲ್ಲ. ಸ್ಟ್ಯಾನ್ಲಿ ಸೀಶೋರ್ 1954ರಲ್ಲಿ ಕಾರ್ಖಾನೆಯೊಂದರ ಗುಂಪುಗಳನ್ನು ನೋಡಿದಾಗ, ಒಗ್ಗಟ್ಟಿನ ಗುಂಪುಗಳು ಆಡಳಿತದ ಮೇಲೆ ನಂಬಿಕೆಯಿದ್ದಲ್ಲಿ ಹೆಚ್ಚು ಉತ್ಪಾದಿಸುತ್ತಿದ್ದವು, ನಂಬಿಕೆಯಿಲ್ಲದಲ್ಲಿ ಒಗ್ಗಟ್ಟಿನಿಂದಲೇ ಕಡಿಮೆ ಉತ್ಪಾದಿಸುತ್ತಿದ್ದವು. ಮನಶ್ಶಾಸ್ತ್ರಜ್ಞ ಇರ್ವಿಂಗ್ ಜಾನಿಸ್ 1972ರಲ್ಲಿ ತೋರಿಸಿದ್ದು ಇನ್ನೊಂದು ಅಪಾಯವನ್ನು. 1961ರಲ್ಲಿ ಕ್ಯೂಬಾದ ಮೇಲಿನ ದಾಳಿಯ ಯೋಜನೆಯನ್ನು ಚರ್ಚಿಸಿದ ಅಮೆರಿಕದ ಅಧ್ಯಕ್ಷ ಕೆನಡಿಯವರ ಆಪ್ತ ವಲಯದಲ್ಲಿ ಸಂದೇಹವಿದ್ದವರೂ ಒಮ್ಮತ ಕೆಡಬಾರದೆಂದು ಸುಮ್ಮನಾದರು, ದಾಳಿ ಸಂಪೂರ್ಣವಾಗಿ ಸೋತಿತು. ಮರುವರ್ಷ ಅದೇ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳ ಬಿಕ್ಕಟ್ಟು ಎದುರಾದಾಗ ಕೆನಡಿ ಕೆಲವು ಸಭೆಗಳಿಗೆ ಬೇಕೆಂದೇ ಗೈರುಹಾಜರಾಗಿ, ಉಳಿದವರು ಮುಕ್ತವಾಗಿ ಮಾತಾಡಲು ಬಿಟ್ಟರು. ಅಷ್ಟು ದೊಡ್ಡ ಪೀಠದಲ್ಲಿ ಕುಳಿತವರ ಸುತ್ತಲೂ ದಾಕ್ಷಿಣ್ಯ ಕೆಲಸ ಮಾಡಿತ್ತೆಂದರೆ ನಮ್ಮ ಚಾವಡಿಯ ಸಭೆಗಳ ಮಾತೇನು? ವರ್ಷಕ್ಕೆ ಎರಡು ಸಭೆಗಳನ್ನಾದರೂ ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಇಲ್ಲದೆ ನಡೆಸಿ. ದೊಡ್ಡ ಮೊತ್ತದ ನಿರ್ಣಯವಿದ್ದರೆ ಒಬ್ಬರಿಗೆ ವಿರೋಧದ ವಾದವನ್ನೇ ಹೇಳುವ ಹೊಣೆ ಕೊಡಿ, ಪ್ರತಿ ಸಲ ಬೇರೆಬೇರೆಯವರಿಗೆ.

ಹೊಸಬರು ಬಂದಾಗ, ಮತ್ತು ತಂಡ ಮುಗಿದಾಗ

ಒಬ್ಬರು ಹೊಸದಾಗಿ ಸೇರಿದರೂ ತಂಡ ಸ್ವಲ್ಪ ಮಟ್ಟಿಗೆ ಮೊದಲ ಹಂತಕ್ಕೆ ಮರಳುತ್ತದೆ. ಇದನ್ನು ಒಪ್ಪಿಕೊಂಡು, ಹೊಸಬರ ಮೊದಲ ಕೆಲಸವನ್ನು ಹಳಬರೊಬ್ಬರ ಜೋಡಿಯಲ್ಲಿ ಕೊಡಿ. ಬರೆದಿಟ್ಟ ಕಟ್ಟಳೆಗಳ ಜೊತೆ, ಪ್ರತಿಯೊಂದು ಕಟ್ಟಳೆ ಯಾವ ಜಗಳದಿಂದ ಹುಟ್ಟಿತು ಎಂಬುದನ್ನೂ ಹೇಳಿ. ನಮ್ಮಲ್ಲಿ ಹೊಸಬರಿಗೆ ಮೊದಲು ತೋರಿಸುವುದು ಭರಣಿಯ ಚೀಟಿಯನ್ನು, ಹೇಳುವುದು ತೊಟ್ಟಿನ ಕತೆಯನ್ನು.

ಮುಗಿಯುವ ತಂಡಗಳ ಬಗ್ಗೆ ನಾವು ಯೋಚಿಸುವುದೇ ಕಡಿಮೆ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ರಂಗಸಂಸ್ಥೆ 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ತಿರುಗಾಟವನ್ನು ಆರಂಭಿಸಿದಂದಿನಿಂದ ನಟರ ತಂಡವೊಂದು ಕೂಡಿ, ನಾಟಕ ಕಟ್ಟಿ, ನಾಡೆಲ್ಲ ಸುತ್ತಿ, ತಿರುಗಾಟ ಮುಗಿದ ಮೇಲೆ ಚದುರುವುದನ್ನು ನಮ್ಮ ಸೀಮೆಯವರು ಹತ್ತಿರದಿಂದ ಕಂಡಿದ್ದಾರೆ. ಚದುರುವುದೂ ಕೆಲಸದ ಒಂದು ಭಾಗವೇ. ಸರಿಯಾಗಿ ಬೀಳ್ಕೊಳ್ಳದ ತಂಡದವರು ಮುಂದೆ ಸೇರುವ ತಂಡಕ್ಕೆ ಹಳೆಯ ಮುನಿಸನ್ನು ಹೊತ್ತುಕೊಂಡೇ ಹೋಗುತ್ತಾರೆ. ಆದ್ದರಿಂದ ಕೊನೆಯ ಸಭೆಗೂ ವಿಷಯಪಟ್ಟಿ ಇರಲಿ. ಉಳಿದ ಹಣವನ್ನು ಎಲ್ಲರ ಎದುರು ಎಣಿಸಿ ಹಂಚಿ, ಅಥವಾ ಎಲ್ಲಿಗೆ ಕೊಡಬೇಕೆಂದು ಅಲ್ಲಿಯೇ ಠರಾವು ಮಾಡಿ. ಸಾಮಾನುಗಳನ್ನು, ಭರಣಿ, ತಕ್ಕಡಿ, ಬೀಗದ ಕೈ ಸಹಿತ, ಯಾರ ವಶಕ್ಕೆ ಕೊಟ್ಟಿರೆಂದು ಹೆಸರು ಹಾಕಿ ಬರೆಯಿರಿ. ಪ್ರತಿಯೊಬ್ಬರೂ ತಮ್ಮ ಬಲಗಡೆ ಕುಳಿತವರಿಂದ ತಾವು ಕಲಿತ ಒಂದು ಕೆಲಸವನ್ನು ಹೇಳಲಿ. ಪದಾಧಿಕಾರಿಗಳು ಮಾತ್ರ ಬದಲಾಗುವುದಿದ್ದರೆ, ಹಳೆಯ ಕಾರ್ಯದರ್ಶಿ ಪುಸ್ತಕವನ್ನು ಚೀಲದಲ್ಲಿ ಹಾಕಿ ಮನೆಗೆ ಕಳಿಸುವುದು ಬೇಡ. ಹೊಸ ಕಾರ್ಯದರ್ಶಿ ಎಲ್ಲರ ಮುಂದೆ ಅದನ್ನು ತೆರೆದು, ಆರಂಭದ ಶಿಲ್ಕನ್ನು ಗಟ್ಟಿಯಾಗಿ ಓದಿ, ಪೆಟ್ಟಿಗೆಯಲ್ಲಿರುವ ಹಣದೊಂದಿಗೆ ತಾಳೆ ನೋಡಿ, ಆ ಪುಟದಲ್ಲಿಯೇ ಸಹಿ ಮಾಡಲಿ.